ಪಕ್ಕಿಯ ಕಾಲು

ಚೆಂಬೂರು ಸ್ಟೇಷನ್ನಿಗೆ ಹತ್ತಿರದ ಆ ಉಡುಪಿ ಹೋಟೆಲಿನಲ್ಲಿ ಇಡ್ಲಿ ದೋಸೆ ತಿಂದವರಿಗೆ ಲೆಕ್ಕವಿಲ್ಲ, ಆದರೆ ಐತನ ಮುಖ ನೋಡಿದವರು ಬಹಳ ಕಡಿಮೆ. ಅವನ ಜಾಗ ಅಡುಗೆಮನೆಗೂ ಹಿಂದೆ, ಹಿತ್ತಿಲ ಬಾಗಿಲಿನ ಪಕ್ಕದ ಮಸಿ ಹಿಡಿದ ಮೂಲೆ. ಅಲ್ಲಿ ಅವನು ಹಿಟ್ಟು ರುಬ್ಬುತ್ತಿದ್ದ. ಮೀಸೆ ಮೂಡುವ ಮೊದಲೇ ಕಾರ್ಕಳದ ಕಡೆಯಿಂದ ಬಂದವನು ಮೊದಲು ಕಲ್ಲಿನಲ್ಲಿ ಕೈಯಾರೆ ರುಬ್ಬಿದ. ಆಮೇಲೆ ಗ್ರೈಂಡರ್ ಬಂತು, ಕೈಗೆ ಸ್ವಲ್ಪ ಬಿಡುವು ಸಿಕ್ಕಿತು. ಕಾಲಿಗೆ ಸಿಗಲಿಲ್ಲ. ಅಕ್ಕಿ ತೊಳೆದ ನೀರು, ಉದ್ದು ನೆನೆಸಿದ ನೀರು, ಗ್ರೈಂಡರ್ ತೊಳೆದ ನೀರು, ಎಲ್ಲವೂ ಅವನ ಪಾದದ ಮೇಲೆಯೇ ಹರಿದು ಮೋರಿ ಸೇರುತ್ತಿತ್ತು. ಬೆರಳ ಸಂದಿಗಳು ಬೆಳ್ಳಗೆ ಬಿರಿದುಕೊಂಡೇ ಇರುತ್ತಿದ್ದವು. ಮೀನಖಂಡದ ನರಗಳು ಗಂಟುಗಂಟಾಗಿ ಉಬ್ಬಿದ್ದವು. ಕೆಲಸ ಮುಗಿದ ಮೇಲೆ ಮಾಳಿಗೆಯ ಕೋಣೆಯಲ್ಲಿ, ಉಳಿದ ಕೆಲಸದವರ ನಡುವೆ ಮಲಗಿ ಎರಡೂ ಕಾಲನ್ನು ಗೋಡೆಗೆ ಎತ್ತಿಡುತ್ತಿದ್ದ. ಗೋಡೆಯಲ್ಲಿ ಆ ಎರಡು ಪಾದಗಳ ಎಣ್ಣೆಗುರುತು ಹಾಗೆಯೇ ಕೂತುಬಿಟ್ಟಿತ್ತು.

ಅವನಿಗೆ ಮದುವೆಯಾಗಲಿಲ್ಲ. ಅಪ್ಪ ಹೋದ ಮೇಲೆ ತಂಗಿ ಅಕ್ಕುವಿಗೆ ಗಂಡು ಹುಡುಕುವುದರಲ್ಲಿಯೇ ಕೆಲವು ವರ್ಷ ಕಳೆದವು. ಅವಳನ್ನು ಭಾಂಡುಪಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ದೂಜನಿಗೆ ಕೊಟ್ಟದ್ದಾಯಿತು. ಆಮೇಲೆ ಐತನಿಗೂ ಒಂದೆರಡು ಕಡೆ ಮಾತು ಬಂತು. ಹುಡುಗಿಯ ಕಡೆಯವರು ಸಂಸಾರ ಎಲ್ಲಿ ಹೂಡುತ್ತೀಯೆಂದು ಕೇಳಿದರು. ಮಾಳಿಗೆಯ ಕೋಣೆಯಲ್ಲಿ ಚಾಪೆ ಬಿಡಿಸುವಷ್ಟು ಜಾಗ ಬಿಟ್ಟರೆ ಅವನಿಗೆ ತೋರಿಸಲು ಬೇರೇನೂ ಇರಲಿಲ್ಲ. ಮಾತು ಅಲ್ಲಿಗೇ ನಿಂತಿತು. ಅದಕ್ಕಾಗಿ ಅವನು ಹೆಚ್ಚು ಕೊರಗಿದ್ದನ್ನು ಯಾರೂ ಕಾಣಲಿಲ್ಲ. ದಣಿದವನಿಗೆ ಕೊರಗಲಿಕ್ಕೂ ಒಂದಿಷ್ಟು ಬಿಡುವು ಬೇಕು.

ಹೋಟೆಲು ಹಳೆಯ ಧಣಿಯ ಕೈಯಿಂದ ಮಗ ಮನೀಶನ ಕೈಗೆ ಬಂದಾಗ ಅವನು ಅದನ್ನು ಹೊಸದು ಮಾಡಲು ಹೊರಟ. ಗೋಡೆಗೆ ಬಣ್ಣ ಬಂತು, ಒಂದು ಬದಿಗೆ ಎಸಿ ಬಂತು, ಗಲ್ಲಾದ ಪಕ್ಕದಲ್ಲಿ ಮೀನಿನ ಗಾಜಿನ ಪೆಟ್ಟಿಗೆ ಬಂತು, ಅದರ ಮೇಲೆ ಒಂದು ಪಂಜರವೂ ತೂಗಿತು. ಪಂಜರದಲ್ಲಿ ಎರಡು ಬಜರಿಗರ್. ಅಂಗಡಿಯವರು ಲವ್ ಬರ್ಡ್ ಎಂದು ಮಾರುವ ಆ ಪುಟ್ಟ ಗಿಳಿಗಳು. ಮೀನುಗಳು ಒಂದು ಬೇಸಿಗೆಯಲ್ಲಿ ಸತ್ತವು. ಹಕ್ಕಿಗಳಲ್ಲಿ ಒಂದು ಅದಕ್ಕೂ ಮುಂಚೆ ಹೋಯಿತು. ಉಳಿದದ್ದು ಈ ಗಂಡು: ಹಸಿರು ಮೈ, ಹಳದಿ ತಲೆ, ಕೊಕ್ಕಿನ ಮೇಲೆ ನೀಲಿ ಬೊಟ್ಟು. ಗಿರಾಕಿಗಳು ಅದನ್ನು ಮಿಟ್ಟು ಎಂದರು, ರಾಜಾ ಎಂದರು, ಮಕ್ಕಳು ಬಾಯಿಗೆ ಬಂದ ಹೆಸರಿಟ್ಟರು. ಐತ ಮಾತ್ರ ತುಳುವಿನಲ್ಲಿ ಹಕ್ಕಿಗೆ ಹೇಳುವಂತೆ ‘ಪಕ್ಕಿ’ ಎಂದಷ್ಟೇ ಕರೆದ. ಎಲ್ಲರಿಗಿಂತ ಮೊದಲು ಏಳುವವನು ಅವನಾದ್ದರಿಂದ ಅದಕ್ಕೆ ನವಣೆ ಹಾಕಿ ನೀರು ಬದಲಿಸುವ ಕೆಲಸ ಅವನ ಪಾಲಿಗೆ ಬಂತು. ಅದು ಪ್ರೀತಿಯಿಂದ ಮಾಡಿದ ಕೆಲಸವಲ್ಲ. ಗ್ರೈಂಡರಿನ ಸ್ವಿಚ್ಚು ಹಾಕುವ ಮೊದಲಿನ ಒಂದು ಕೆಲಸ, ಅಷ್ಟೆ.

ಹಾಗೆ ವರ್ಷಗಳು ಹೋದವು. ಹಕ್ಕಿ ಗಲಾಟೆಯ ನಡುವೆಯೇ ಮುದಿಯಾಯಿತು. ಅದು ಕಿಚಪಿಚ ನಿಲ್ಲಿಸಿದ್ದನ್ನು ಯಾರೂ ಗಮನಿಸಲಿಲ್ಲ. ಒಂದು ಬೆಳಿಗ್ಗೆ ನೀರು ಬದಲಿಸುವಾಗ ಅದು ಕೋಲಿನ ಮೇಲೆ ಕೂತದ್ದಲ್ಲ, ಹೊಟ್ಟೆ ಊರಿ ಮಲಗಿದೆ ಎಂದು ಐತನಿಗೆ ಕಂಡಿತು. ಬೆಳಕಿಗೆ ಹಿಡಿದು ನೋಡಿದ. ಒಂದು ಕಾಲು ಎತ್ತುತ್ತಿತ್ತು, ಅದನ್ನು ಇಳಿಸಿ ಇನ್ನೊಂದನ್ನು ಎತ್ತುತ್ತಿತ್ತು. ಅಂಗಾಲು ಕೆಂಪಗೆ ಹೊಳೆಯುತ್ತಿತ್ತು, ನಡುವೆ ಒಂದು ಕಪ್ಪು ಹಕ್ಕಳೆ. ನುಣುಪಾದ ಅದೇ ಒಂದು ಪ್ಲಾಸ್ಟಿಕ್ ಕೋಲಿನ ಮೇಲೆ ಅದು ಇಷ್ಟು ಕಾಲವೂ ನಿಂತಿತ್ತು.

ಅವನು ಕೊಬ್ಬರಿ ಎಣ್ಣೆ ಸವರಿದ. ತನ್ನ ಕಾಲಿಗೂ ಅವನು ಅದನ್ನೇ ಸವರುತ್ತಿದ್ದುದು. ಎಣ್ಣೆ ಗರಿಗೆ ಅಂಟಿ ಹಕ್ಕಿ ಒದ್ದೆಯಾದ ಬತ್ತಿಯ ಹಾಗಾಯಿತು. ಆಮೇಲೆ ಕೋಲು ಮೆತ್ತಗಾಗಲೆಂದು ಮೇಜು ಒರೆಸುವ ಹಳೆಯ ಟವೆಲಿನ ತುಂಡು ಸುತ್ತಿದ. ಟವೆಲಿನ ನೂಲಿನ ಕುಣಿಕೆಗೆ ಹಕ್ಕಿಯ ಉಗುರು ಸಿಕ್ಕಿ, ಅದು ಒಂದು ಮಧ್ಯಾಹ್ನವಿಡೀ ತಲೆಕೆಳಗಾಗಿ ತೂಗಿತು. ಊಟದ ಹೊತ್ತಿನ ನೂಕುನುಗ್ಗಲಿನಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ. ಬಿಡಿಸುವಷ್ಟರಲ್ಲಿ ಕಾಲು ಊದಿತ್ತು. ಅವತ್ತೇ ಒಬ್ಬ ಹೆಂಗಸು, ಅನ್ನ ಬಡಿಸುವ ಜಾಗದಲ್ಲಿ ರೋಗದ ಹಕ್ಕಿಯೇ ಎಂದು ಮನೀಶನಿಗೆ ಹೇಳಿ ಎದ್ದುಹೋದಳು. ಮನೀಶ ಪಂಜರವನ್ನು ಒಳಗೆ ಕಳಿಸಿದ. ಒಳಗೆ ಒಗ್ಗರಣೆಯ ಹೊಗೆ. ಐತ ಅದನ್ನು ಮಾಳಿಗೆಗೆ ಒಯ್ದು ತನ್ನ ಚಾಪೆಯ ತಲೆದಿಸೆಯಲ್ಲಿ ಇಟ್ಟ. ಹೀಗೆ ಅದು ಅವನದಾಯಿತು. ಬೇಕು ಎಂದು ಅವನು ಕೇಳಿರಲಿಲ್ಲ.

ಹಕ್ಕಿಯ ಡಾಕ್ಟರು ಘಾಟ್ಕೋಪರಿನಲ್ಲಿ ಇದ್ದಾರೆಂದು ಹಾಲಿನವನು ಹೇಳಿದ. ವಾರದ ರಜೆಯ ದಿನ ನಿದ್ದೆ ಬಿಟ್ಟು, ಪಂಜರಕ್ಕೆ ಪಂಚೆ ಮುಚ್ಚಿ ಬಸ್ಸಿನಲ್ಲಿ ಹೋದ. ಚಿಕ್ಕ ಪ್ರಾಯದ ಡಾಕ್ಟರಮ್ಮ. ಹಕ್ಕಿಯ ಕತ್ತನ್ನು ಎರಡು ಬೆರಳ ನಡುವೆ ಹಿಡಿದು, ಎದೆ ಒತ್ತಬಾರದು, ಎದೆ ಆಡದಿದ್ದರೆ ಅದಕ್ಕೆ ಉಸಿರಿಲ್ಲ ಎಂದು ಹಿಂದಿಯಲ್ಲಿ ಹೇಳಿಕೊಟ್ಟಳು. ಅಂಗಾಲಿನ ಹುಣ್ಣು ಒಂದು. ಅದಲ್ಲದೆ ಬೆರಳ ಗಂಟುಗಳಲ್ಲಿ ಕಾಣುವ ಈ ಬಿಳಿ ಕಾಳುಗಳು ಬೇರೆ ರೋಗ, ಸಂಧಿಯಲ್ಲಿ ಉಪ್ಪು ಕೂತ ಹಾಗೆ, ಮೂತ್ರಪಿಂಡ ಸೋತಾಗ ಬರುವಂಥದ್ದು ಎಂದಳು. ಎಣ್ಣೆ ಬೇಡ, ಟವೆಲು ಬೇಡ. ಕೋಲು ತೆಗೆದು ಚಪ್ಪಟೆ ಹಲಗೆ ಇಡಬೇಕು, ಅದರ ಮೇಲೆ ನೂಲು ಬಿಡದ ಮೆತ್ತನೆ ಬಟ್ಟೆ. ಕಾಳು ನೀರು ಕೆಳಗೆ, ಕೊಕ್ಕಿಗೆ ಎಟಕುವ ಹಾಗೆ. ಬರೀ ಕಾಳು ಸಾಲದು, ಸೊಪ್ಪು, ತುರಿದ ಕ್ಯಾರೆಟ್. ದಿನಾ ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ಅದ್ದಿ, ಒರೆಸಿ, ಮುಲಾಮು. ನೋವಿಗೆ ಒಂದು ಹನಿ ಔಷಧಿ. ನಾನ್‌ಸ್ಟಿಕ್ ತವಾ ಕಾದು ಹೊಗೆಯಾಡಿದರೆ ಆ ಗಾಳಿಗೆ ಹಕ್ಕಿ ಸಾಯುತ್ತದೆ, ಅದನ್ನು ದೂರ ಇಡಿ ಎಂದೂ ಹೇಳಿದಳು.

ಗುಣವಾಗುತ್ತದಾ ಎಂದು ಐತ ಕೇಳಿದ.

ಮುದುಕನಾಗಿದ್ದಾನೆ, ಗುಣವಾಗುವುದಿಲ್ಲ, ನೋವು ಕಡಿಮೆ ಮಾಡಬಹುದು ಎಂದಳು ಡಾಕ್ಟರಮ್ಮ.

ಹಿಂದೆ ಬರುವಾಗ ಬಸ್ಸಿನಲ್ಲಿ ನಿಲ್ಲಲಾಗದೆ ಐತ ಮೆಟ್ಟಿಲ ಬಳಿ ಕುಕ್ಕರಿಸಿ ಕೂತ. ಗುಣವಾಗದ ಒಂದು ಜೀವಕ್ಕೆ ದಿನಾ ಇಷ್ಟು ಮಾಡಬೇಕು. ಬೆಳಿಗ್ಗೆ ಗ್ರೈಂಡರಿಗೆ ಮೊದಲು ಒಂದು ಸಲ, ಕೆಲಸ ಮುಗಿದ ಮೇಲೆ ಇನ್ನೊಂದು ಸಲ. ಯಾಕೆ ಮಾಡಬೇಕೆಂದು ಅವನು ಕೇಳಿಕೊಂಡ. ಆದರೂ ಮಾಡಿದ.

ಬಹುಶಃ ಅದು ಹಾಗೆಯೇ ನಡೆದುಹೋಗುತ್ತಿತ್ತು. ಆದರೆ ಆ ಬಿಲ್ಡಿಂಗ್ ರಿಡೆವಲಪ್‌ಮೆಂಟಿಗೆ ಹೋಯಿತು. ಹೋಟೆಲು ಮುಚ್ಚುವುದು ಖಂಡಿತವಾಯಿತು. ಕೆಲಸದವರು ಕಂಡ ಕಂಡ ಕಡೆ ಚದುರಿದರು. ಮನೀಶ ಕೆಟ್ಟವನಲ್ಲ. ತನ್ನ ಮಾವನ ಹೋಟೆಲು ಬೊರಿವಲಿಯಲ್ಲಿದೆ, ಅಲ್ಲಿ ರುಬ್ಬುವವರು ಬೇಕಂತೆ ಎಂದು ಐತನಿಗೆ ಹೇಳಿದ. ಅಲ್ಲಿಯೂ ಕೋಣೆಯಿತ್ತು, ಆದರೆ ಮಂಚದ ಮೇಲೆ ಮಂಚ, ಪಂಜರಕ್ಕೆ ಜಾಗವಿಲ್ಲ.

“ಐತಣ್ಣ, ಅದನ್ನು ಛೋಡ್ ದೋ,” ಎಂದ ಮನೀಶ. “ಟೆರೇಸಿಂದ ಬಿಟ್ರೆ ಹಾರಿ ಹೋಗ್ತದೆ. ಅದಕ್ಕೂ ಆಜಾದಿ, ನಿಮಗೂ ಆಜಾದಿ.”

ಐತನಿಗೆ ಆ ಮಾತು ಹಿತವಾಗಿಯೇ ಕೇಳಿಸಿತು. ಸಾಮಾನು ಸಾಗಿಸುವ ಗಲಾಟೆಯ ಒಂದು ಮಧ್ಯಾಹ್ನ ಅವನು ಪಂಜರ ಹಿಡಿದು ಟೆರೇಸಿಗೆ ಹತ್ತಿದ. ನೀರಿನ ಟಾಕಿಯ ನೆರಳಿನಲ್ಲಿ ಇಟ್ಟು ಬಾಗಿಲು ತೆಗೆದು, ಹಿಂದೆ ಸರಿದು ನಿಂತ. ಹಕ್ಕಿ ತುಂಬ ಹೊತ್ತು ಅಲುಗಲಿಲ್ಲ. ಆಮೇಲೆ ಕೊಕ್ಕಿನಿಂದ ಸರಳು ಕಚ್ಚಿ ಕಚ್ಚಿ, ಮೈಯನ್ನು ಎಳೆದುಕೊಂಡು ಬಾಗಿಲವರೆಗೆ ಬಂತು. ಕಾಲು ಊರಿ ನೆಗೆಯಲು ಅದಕ್ಕೆ ಆಗಲಿಲ್ಲ. ಹೊಸ್ತಿಲ ತಂತಿಯ ಮೇಲೆ ಗಲ್ಲ ಇಟ್ಟು ಹಾಗೆಯೇ ಬಿಸಿಲು ನೋಡಿತು.

ಒಂದು ಕಾಗೆ ಟಾಕಿಯಿಂದ ಕಟ್ಟೆಗೆ ಇಳಿಯಿತು. ಆಮೇಲೆ ಇನ್ನೊಂದು. ಅವು ಅವಸರ ಮಾಡಲಿಲ್ಲ. ಮೊದಲಿನದು ಕತ್ತು ಓರೆ ಮಾಡಿ, ಕುಪ್ಪಳಿಸಿ, ಸ್ವಲ್ಪ ಹತ್ತಿರ ಬಂತು. ಹಕ್ಕಿ ಗರಿಗಳನ್ನು ಮೈಗೆ ಒತ್ತಿಕೊಂಡು ಬೆರಳಿನಷ್ಟು ತೆಳ್ಳಗಾಯಿತು. ಐತ ನೋಡುತ್ತ ನಿಂತ. ಕೆಳಗೆ ಹೋಗಿಬಿಟ್ಟರೆ ಎಲ್ಲ ತನ್ನಷ್ಟಕ್ಕೆ ಮುಗಿಯುತ್ತದೆ, ತಾನು ನೋಡಲೂ ಬೇಕಿಲ್ಲ ಎಂದು ಅವನಿಗೆ ಅನಿಸಿದ್ದು ಹೌದು. ಒಂದು ಹೆಜ್ಜೆ ಮೆಟ್ಟಿಲ ಕಡೆ ಇಟ್ಟದ್ದೂ ಹೌದು. ಆಮೇಲೆ ತಿರುಗಿ ಬಂದು ಕಾಗೆಗಳನ್ನು ಓಡಿಸಿ ಬಾಗಿಲು ಹಾಕಿದ. ದೊಡ್ಡ ದಯೆ ತೋರಿದೆನೆಂದು ಅವನಿಗೆ ಅನಿಸಲಿಲ್ಲ. ಇನ್ನೊಂದು ಕೆಲಸ ಮುಗಿಯದೆ ಉಳಿಯಿತಲ್ಲ ಎಂದು ಆಯಾಸವಾಯಿತು.

ಬೊರಿವಲಿಗೆ ಹೂಂ ಎಂದೂ ಇಲ್ಲವೆಂದೂ ಅನ್ನದೆ ಅವನು ತಂಗಿಯಲ್ಲಿಗೆ ಹೊರಟ. ಭಾಂಡುಪಿನಲ್ಲಿ ಅಕ್ಕುವಿನ ಮನೆ. ಹಳೆಯ ಚಾಳು ಕೆಡವಿ ಕಟ್ಟಿದ ಬಿಲ್ಡಿಂಗಿನ ಆರನೇ ಮಹಡಿ, ಒಂದು ಹಾಲ್, ಅದಕ್ಕೆ ಅಂಟಿದ ಅಡುಗೆಯ ಕಟ್ಟೆ. ದೂಜ ತೀರಿಕೊಂಡಿದ್ದ. ಮಗಳು ಹರಿಣಿ ಮುಲುಂಡಿನ ಕಡೆ ಒಂದು ಬಟ್ಟೆಯ ಶೋರೂಮಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಐತ ಲೋಕಲಿನ ಲಗೇಜ್ ಡಬ್ಬಿಯಲ್ಲಿ, ಮೀನಿನ ಬುಟ್ಟಿಗಳ ನಡುವೆ ಪಂಜರವನ್ನು ಎದೆಗವಚಿಕೊಂಡು, ಕುರ್ಲಾದಲ್ಲಿ ಸೇತುವೆ ಹತ್ತಿ ಇಳಿದು, ಗಾಡಿ ಬದಲಿಸಿ ಬಂದ. ಲಿಫ್ಟು ಕೆಟ್ಟಿತ್ತು. ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ಪಂಜರ ಇಳಿಸಿ ಗೋಡೆಗೆ ಒರಗಿದ.

ಅಕ್ಕು ನೀರು ಕೊಟ್ಟಳು. ಆಮೇಲೆ ಪಂಜರಕ್ಕೆ ಮುಚ್ಚಿದ್ದ ಪಂಚೆ ಸರಿಸಿ ಒಳಗೆ ನೋಡಿದಳು.

“ನಿನಗೆ ಜಾಗ ಇಲ್ಲ ಅಂತ ನಾನು ಹೇಳುದಿಲ್ಲ ಅಣ್ಣ. ಇದೊಂದು ಎಂತಕ್ಕೆ?”

“ಇದಕ್ಕೆ ಹೋಗ್ಲಿಕ್ಕೆ ಬೇರೆ ಜಾಗ ಇಲ್ಲ.”

“ನಿನಗೆ ಉಂಟಾ?”

ಅಂದುಬಿಟ್ಟ ಮೇಲೆ ಮಾತು ಹೆಚ್ಚಾಯಿತೆಂದು ಅಕ್ಕುವಿಗೇ ಅನಿಸಿತು. ಅವಳು ತಿರುಗಿ ಚಹಾಕ್ಕೆ ನೀರಿಟ್ಟಳು. ಪಂಜರ ಕಿಟಕಿಯ ಕೆಳಗೆ ಕೂತಿತು.

ಜಗಳ ಬಂದದ್ದು ಮರುದಿನ ಬೆಳಿಗ್ಗೆ. ಅಕ್ಕು ಹರಿಣಿಯ ಡಬ್ಬಿಗೆ ದಿನಾ ದೋಸೆ ಹೊಯ್ಯುವವಳು, ಅದೂ ನಾನ್‌ಸ್ಟಿಕ್ ತವಾದಲ್ಲಿ. ಹಾಲ್‌ಗೂ ಒಲೆಗೂ ನಡುವೆ ಗೋಡೆಯೇ ಇಲ್ಲ. ಐತ ತಡೆದು ತಡೆದು ಡಾಕ್ಟರಮ್ಮ ಹೇಳಿದ್ದನ್ನು ಹೇಳಿದ. ಅಕ್ಕು ಸೌಟು ಕೆಳಗಿಟ್ಟಳು.

“ನನ್ನ ಮನೆಯಲ್ಲಿ ಯಾವ ತವಾ ಇಡ್ಬೇಕು ಅಂತ ಪಕ್ಕಿ ಹೇಳುದಾ ಈಗ?”

ಕಬ್ಬಿಣದ ಕಾವಲಿ ಎತ್ತಲು ತನ್ನ ಕೈಗೆ ಆಗುವುದಿಲ್ಲ, ದೋಸೆ ಏಳುವುದಿಲ್ಲ, ಹುಡುಗಿಗೆ ಗಾಡಿ ತಪ್ಪುತ್ತದೆ ಎಂದು ಒಂದೊಂದಾಗಿ ಹೇಳಿದಳು. ಎಲ್ಲ ನಿಜವೇ. ಕೊನೆಗೆ, ನೀನೇ ಹೊಯ್ಯುವುದಾದರೆ ಕಬ್ಬಿಣದ್ದು ಇಟ್ಟುಕೋ, ಬೇಕಾದರೆ ಮಣ್ಣಿನದ್ದು ಇಟ್ಟುಕೋ ಎಂದಳು.

“ಆಯ್ತು, ನಾನೇ ಹೊಯ್ತೇನೆ,” ಎಂದ ಐತ.

ಹೋಟೆಲಿನ ಬಾಗಿಲು ಹಾಕಿದ ದಿನ, ಇನ್ನು ಈ ಜನ್ಮದಲ್ಲಿ ಹಿಟ್ಟಿಗೆ ಕೈ ಅದ್ದುವುದಿಲ್ಲ ಎಂದು ಅವನು ಮನಸ್ಸಿನಲ್ಲೇ ಹೇಳಿಕೊಂಡಿದ್ದ. ಈಗ ಭಾಂಡುಪ್ ಮಾರ್ಕೆಟ್ಟಿನಿಂದ ಒಂದು ಕಾವಲಿ ತಂದು, ಈರುಳ್ಳಿ ತಿಕ್ಕಿ ಎಣ್ಣೆ ಕುಡಿಸಿ ಪಳಗಿಸಿದ. ಸಂಜೆ ಅಕ್ಕಿ ಉದ್ದು ನೆನೆಸಿ ರುಬ್ಬಿದ. ಬೆಳಿಗ್ಗೆ ಎದ್ದು ಮೊದಲು ಹಕ್ಕಿಯ ಕಾಲು ಅದ್ದಿ, ಒರೆಸಿ, ಮುಲಾಮು ಹಚ್ಚಿ, ಕೊಕ್ಕಿನ ಮೂಲೆಗೆ ಒಂದು ಹನಿ ಬಿಟ್ಟು, ಆಮೇಲೆ ಒಲೆಯ ಮುಂದೆ ನಿಂತ. ದಿನವೂ ಹಾಗೆಯೇ. ದೋಸೆ ಒಳ್ಳೆಯದಾಗುತ್ತಿತ್ತು. ಪಕ್ಕದ ಮನೆಯ ಕಸ್ತೂರಿಬಾಯಿಯೂ ಬಟ್ಟಲು ಹಿಡಿದು ಬರತೊಡಗಿದಳು. ಹರಿಣಿಯ ಜೊತೆ ಕೆಲಸ ಮಾಡುವವರಿಗೂ ಬೇಕೆಂದಾಯಿತು. ಹೋಟೆಲು ಬಿಟ್ಟೆ ಅಂದುಕೊಂಡವನ ಹಿಂದೆಯೇ ಅದು ಆರು ಮಹಡಿ ಹತ್ತಿ ಬಂದಿತ್ತು.

ಹರಿಣಿಗೆ ಮೊದಮೊದಲು ಹಕ್ಕಿಯನ್ನು ಕಂಡರೆ ಹೇಸಿಗೆ. ಕಾಲು ನೋಡಿ ಮುಖ ತಿರುಗಿಸುತ್ತಿದ್ದಳು. ನೆಲದ ತುಂಬ ಕಾಳಿನ ಸಿಪ್ಪೆ, ಒಂದು ಬಗೆಯ ವಾಸನೆ, ತನ್ನ ಗೆಳತಿಯರನ್ನು ಕರೆಯುವ ಹಾಗಿಲ್ಲ ಎಂದು ತಾಯಿಯ ಹತ್ತಿರ ಹಿಂದಿಯಲ್ಲಿ ಗೊಣಗುತ್ತಿದ್ದಳು. ಐತನಿಗೆ ಕೇಳಿಸುತ್ತಿತ್ತು. ಕೇಳಿಸದ ಹಾಗೆ ಸಿಪ್ಪೆ ಗುಡಿಸುತ್ತಿದ್ದ. ಒಂದು ದಿನ ಅವಳೇ ಶೋರೂಮಿನಿಂದ ಮೆತ್ತನೆ ಬಟ್ಟೆಯ ಒಂದಿಷ್ಟು ತುಂಡು ತಂದು ಅವನ ಮುಂದಿಟ್ಟಳು.

“ಮಾಮ, ಯೇ ಲೇಲೋ. ಸಾಫ್ಟ್ ಉಂಟು. ಧಾಗಾ ನಿಕಲ್ತಾ ನಹೀಂ.”

ನೂಲು ಬಿಡುವುದಿಲ್ಲ ಎಂದಷ್ಟೇ ಹೇಳಿ ಹೋದಳು. ಆ ಬಟ್ಟೆ ಹಾಸಿದ ಮೇಲೆ ಅಂಗಾಲಿನ ಹುಣ್ಣು ಒಣಗಿತು. ಗಂಟುಗಳ ಬಿಳಿ ಕಾಳುಗಳು ಮಾತ್ರ ದೊಡ್ಡವಾಗುತ್ತಲೇ ಹೋದವು.

ಮಳೆ ಹಿಡಿದ ಮೇಲೆ ಐತನಿಗೆ ಜ್ವರ ಬಂತು. ಏಳಲಾರದೆ, ಗೋಡೆ ಕಡೆ ತಿರುಗಿ ಮಲಗಿದ್ದ. ಹಕ್ಕಿಯ ಹೊತ್ತು ಮೀರುತ್ತಿದೆ ಎಂದು ತಿಳಿಯುತ್ತಿತ್ತು, ಕೈಕಾಲು ಬರುತ್ತಿರಲಿಲ್ಲ. ಆಗ ಪಂಜರದ ಬಾಗಿಲು ಸದ್ದಾಯಿತು. ಅಕ್ಕು ಒಂದು ಬಟ್ಟಲು ನೀರು ಇಟ್ಟುಕೊಂಡು ನೆಲದಲ್ಲಿ ಕೂತಿದ್ದಳು. ಹಿಡಿಯಲು ಬಾರದೆ ಎರಡು ಸಲ ಕಚ್ಚಿಸಿಕೊಂಡಳು. ಕಚ್ಚು, ನನ್ನನ್ನೂ ತಿನ್ನು, ನಿನ್ನ ಒಡೆಯನಿಗೆ ಬುದ್ಧಿ ಇಲ್ಲ, ನಿನಗೆ ಎಲ್ಲಿಂದ ಬರಬೇಕು ಎಂದು ತುಳುವಿನಲ್ಲಿ ಬೈಯುತ್ತ ಬೈಯುತ್ತ ಕಾಲು ಅದ್ದಿದಳು. ಎದೆ ಒತ್ತಬೇಡ ಎಂದು ಐತ ಹೇಳಬೇಕೆಂದಿದ್ದ. ನೋಡಿದರೆ ಅವಳು ಒತ್ತಿರಲಿಲ್ಲ. ದಿನಾ ಅವನು ಮಾಡುವುದನ್ನು ಒಲೆಯ ಬಳಿಯಿಂದ ನೋಡಿಯೇ ಇದ್ದಳು. ಅವನು ಕಣ್ಣು ಮುಚ್ಚಿದ. ತನ್ನ ಕೆಲಸವನ್ನು ಇನ್ನೊಬ್ಬರು ಮಾಡುವ ಸದ್ದು ಕೇಳುತ್ತ ಮಲಗಿದ್ದು ಅವನ ನೆನಪಿನಲ್ಲಿ ಅದೇ ಮೊದಲು.

ಜ್ವರ ಬಿಟ್ಟು, ನಡೆದಾಡುವಂತಾದ ಹೊತ್ತಿಗೆ ಮನೀಶನ ಫೋನು ಬಂತು. ಬೊರಿವಲಿಗೆ ಹೋದ ಬೇರೊಬ್ಬ ರುಬ್ಬುವವನು ಬಿಟ್ಟುಹೋಗಿದ್ದಾನೆ, ಮಾವ ಕೇಳುತ್ತಿದ್ದಾರೆ, ನಾಳೆಯೇ ಹೋಗಿ ಸೇರಿಕೊಳ್ಳಿ ಎಂದ. ಧಣಿ ಕರೆದಲ್ಲಿಗೆ ಐತ ಈವರೆಗೆ ಬಾಯಿಬಿಟ್ಟು ಇಲ್ಲವೆಂದವನಲ್ಲ. ಬಾಯಲ್ಲಿ ಆಯ್ತು ಎಂಬ ಮಾತೇ ತಯಾರಿತ್ತು.

“ಇಲ್ಲ ಧಣಿ, ಆಗುದಿಲ್ಲ.”

“ಆ ಪಕ್ಕಿಗೋಸ್ಕರವಾ ಐತಣ್ಣ?”

“ಪಕ್ಕಿ ಅಲ್ಲ. ನನ್ನ ಕಾಲು ಆಗುದಿಲ್ಲ.”

ಮನೀಶ, ಸರಿ, ಆರೋಗ್ಯ ನೋಡಿಕೊಳ್ಳಿ ಎಂದು ಇಟ್ಟುಬಿಟ್ಟ. ಅಕ್ಕು ಬಟ್ಟೆ ಮಡಚುತ್ತ ಎಲ್ಲ ಕೇಳಿದ್ದಳು. ಎದ್ದು ಬಂದು ಅವನ ಪಂಚೆ ಮೊಣಕಾಲವರೆಗೆ ಸರಿಸಿದಳು. ಅಣ್ಣನ ಕಾಲನ್ನು ಅವಳು ನೋಡಿರಲಿಲ್ಲವೆಂದಲ್ಲ. ಹಾಗೆ ಕೂತು ನೋಡಿರಲಿಲ್ಲ.

“ಇಷ್ಟು ಸಮಯ ಯಾಕೆ ಹೇಳ್ಲಿಲ್ಲ?”

“ಕೇಳಿದವರು ಯಾರು?” ಎಂದ ಅವನು. ಅದರಲ್ಲಿ ಸಿಟ್ಟಿರಲಿಲ್ಲ, ಇದ್ದದ್ದನ್ನು ಹೇಳಿದ, ಅಷ್ಟೆ.

ಮುನ್ಸಿಪಾಲಿಟಿ ಆಸ್ಪತ್ರೆಗೆ ಅವಳೇ ಕರೆದುಕೊಂಡು ಹೋದಳು. ಕಾಲಿಗೆ ಬಿಗಿಯಾದ ಪಟ್ಟಿ ಕಟ್ಟಿಕೊಳ್ಳಲು ಹೇಳಿದರು, ನಿಲ್ಲುವುದು ಕಡಿಮೆ ಮಾಡಿ ಎಂದರು. ಅಂದಿನಿಂದ ಅವನು ಸ್ಟೂಲಿನ ಮೇಲೆ ಕೂತು ದೋಸೆ ಹೊಯ್ದ.

ಮಳೆ ನಿಂತು ಅಕ್ಟೋಬರಿನ ಸೆಕೆ ಶುರುವಾದಾಗ ಹಕ್ಕಿ ತಿನ್ನುವುದನ್ನು ಬಿಟ್ಟಿತು. ಒಂದು ಕಾಲು ಪೂರ್ತಿ ಮಡಚಿಕೊಂಡಿತ್ತು. ಇನ್ನೊಂದು ಬರೀ ಊರುಗೋಲು. ಐತ ಮತ್ತೆ ಘಾಟ್ಕೋಪರಿಗೆ ಒಯ್ದ. ಡಾಕ್ಟರಮ್ಮ ನೋಡಿ, ಇನ್ನು ನನ್ನ ಕೈಯಲ್ಲಿ ಏನಿಲ್ಲ, ಬೇಕೆಂದರೆ ನೋವಿಲ್ಲದೆ ಮುಗಿಸುವ ಇಂಜೆಕ್ಷನ್ ಇದೆ, ಯೋಚನೆ ಮಾಡಿ ಹೇಳಿ ಎಂದಳು. ಯೋಚಿಸುತ್ತೇನೆ ಎಂದು ಹಿಂದೆ ತಂದ. ಹೌದೆನ್ನಲೂ ಅಲ್ಲವೆನ್ನಲೂ ಮನಸ್ಸಿಗೆ ತ್ರಾಣವಿರಲಿಲ್ಲ. ಅಕ್ಕುವನ್ನು ಕೇಳಿದ. ಅವಳು ತನಗೂ ತಿಳಿಯದು ಎಂದಳು. ಯೋಚನೆ ಮುಗಿಯುವ ಮೊದಲೇ, ಎರಡು ದಿನ ಕಳೆದ ಒಂದು ಮಧ್ಯಾಹ್ನ, ಮಡಿಲಲ್ಲಿಟ್ಟುಕೊಂಡು ಕೊಕ್ಕಿಗೆ ನೀರು ತಾಗಿಸುತ್ತಿದ್ದಾಗ ಹಕ್ಕಿಯ ಎದೆ ಆಡುವುದು ನಿಂತಿತು. ಬೆರಳಿನ ಅಡಿಯಲ್ಲಿ ಅದು ಅವನಿಗೆ ತಿಳಿಯಿತು. ಆದರೂ ಸ್ವಲ್ಪ ಹೊತ್ತು ನೀರಿನ ಹನಿ ಹಿಡಿದೇ ಇದ್ದ.

ಕಂಪೌಂಡಿನ ಬಾದಾಮಿ ಮರದ ಬುಡದಲ್ಲಿ, ವಾಚ್‌ಮನ್ ಬೇರೆ ಕಡೆ ನೋಡುತ್ತ ನಿಂತಿದ್ದಾಗ, ಅವನೂ ಅಕ್ಕುವೂ ಸಟ್ಟುಗದಿಂದ ಮಣ್ಣು ತೆಗೆದು ಹೂತರು. ಅವನು ಅಳಲಿಲ್ಲ. ಅಕ್ಕು ಸೆರಗಿನಿಂದ ಮುಖ ಒರೆಸಿಕೊಂಡದ್ದು ಸೆಕೆಗೋ ಏನೋ. ಹರಿಣಿ ಸಂಜೆ ಬಂದು ಖಾಲಿ ಪಂಜರ ನೋಡಿ, ಚಪ್ಪಲಿ ಬಿಚ್ಚದೆ ಅಲ್ಲಿಯೇ ಸ್ವಲ್ಪ ಹೊತ್ತು ನಿಂತಳು.

ಅವತ್ತು ಐತ ಅಕ್ಕಿ ನೆನೆಸಲಿಲ್ಲ. ಯಾರೂ ನೆನಪಿಸಲೂ ಇಲ್ಲ. ಬೆಳಿಗ್ಗೆ ಅಕ್ಕು ಎದ್ದಾಗ ಅವನು ಇನ್ನೂ ಮಲಗಿದ್ದ, ಬಾಯಿ ಸ್ವಲ್ಪ ತೆರೆದು, ಕೈಕಾಲು ಚೆಲ್ಲಿ. ಅಷ್ಟು ಹೊತ್ತಾಗುವವರೆಗೆ ಅವನು ಮಲಗಿದ್ದನ್ನು ಅವಳು ಕಂಡಿರಲಿಲ್ಲ. ಹತ್ತಿರ ಹೋಗಿ ಉಸಿರು ನೋಡಿದಳು. ಆಮೇಲೆ ಕೆಳಗಿಳಿದು ಬೇಕರಿಯಿಂದ ಪಾವು ತಂದಳು. ಹರಿಣಿ ಅದನ್ನು ಚಹಾದಲ್ಲಿ ಅದ್ದಿ ತಿಂದು, ಬಾಗಿಲು ಸದ್ದಾಗದಂತೆ ಎಳೆದುಕೊಂಡು ಸ್ಟೇಷನ್ನಿಗೆ ಹೋದಳು. ಬಟ್ಟಲು ಹಿಡಿದು ಬಂದ ಕಸ್ತೂರಿಬಾಯಿಗೆ ಅಕ್ಕು, ಇವತ್ತು ಇಲ್ಲ, ಅಣ್ಣ ಮಲಗಿದ್ದಾನೆ ಎಂದು ಮೆಲ್ಲಗೆ ಹೇಳಿ ಕಳಿಸಿದಳು. ಬಿಸಿಲು ಕಿಟಕಿಯಿಂದ ಹಾಲ್‌ನ ನಡುವಿನವರೆಗೂ ಬಂತು. ಐತ ಮಗ್ಗುಲು ಬದಲಿಸಿ ಮತ್ತೆ ನಿದ್ದೆ ಹೋದ.